ಆರಾಮಾದ ಮಗ

“ಚೀಲಾ ಕಟ್ಟೇನವ್ವಾ, ನಡಿ,” ಅಂದ ಶ್ರೀಶೈಲ.

ವಿಜಯಪುರದ ಹೊರಗಿನ ವ್ಯಸನಮುಕ್ತಿ ಕೇಂದ್ರಕ್ಕೆ ಮಗನನ್ನು ಕಾಣಲು ಬಂದಿದ್ದ ಗುರವ್ವ ಅವನನ್ನು ಕಣ್ತುಂಬ ನೋಡಿದಳು. ಕೆನ್ನೆಗಳು ತುಂಬಿಕೊಂಡಿದ್ದವು. ಸೂಜಿ ಚುಚ್ಚಿ ಚುಚ್ಚಿ ಕರ್ರಗಾಗಿದ್ದ ಕೈಗಳನ್ನು ತುಂಬುತೋಳಿನ ಅಂಗಿ ಮುಚ್ಚಿತ್ತು. ಮದುವೆಯ ಹೊಸದರಲ್ಲಿ, ಸಿಂದಗಿಯಲ್ಲಿ ಮೋಟರ್ ರಿಪೇರಿ ಅಂಗಡಿ ತೆರೆದಾಗ, ಹೀಗೇ ಇದ್ದ.

“ವಿದ್ಯಾ ಬಂದಿಲ್ಲೇನು?”

“ಇಲ್ಲಪ್ಪಾ. ಅಕಿಗಿ ಜ್ವರಾ ಬಂದಾವ.”

ವಿದ್ಯಾವತಿ ಗೇಟಿನಾಚೆ ಬೇವಿನ ಮರದ ಕೆಳಗೆ ಕೂತಿದ್ದಳು. ಬಸ್ಸಿನಲ್ಲಿ ಬರುವಾಗಲೇ ಅತ್ತೆಗೆ ಹೇಳಿದ್ದಳು: “ಮಗನ್ನ ಕರಕೊಂಡ ಬರ್ರಿ, ನಾ ಬ್ಯಾಡನ್ನೂದಿಲ್ಲ. ಆದ್ರ ನಾ ಗೊಳಸಂಗಿಗೆ ನಮ್ಮ ತವರಮನಿಗಿ ಹೋಗ್ತೇನ್ರಿ.” ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದೇ ಗುರವ್ವನನ್ನು ಹೆದರಿಸಿತ್ತು.

ಹೋದ ಸಲವೂ ಅವನು ಹೀಗೇ ಮೈಕೈ ತುಂಬಿಕೊಂಡು ಮರಳಿದ್ದ. ಗುರವ್ವ ಓಣಿಗೆಲ್ಲ ಹೋಳಿಗೆ ಹಂಚಿದ್ದಳು. ತಿಂಗಳೊಪ್ಪತ್ತಿನಲ್ಲಿ ಮತ್ತೆ ಸೂಜಿ ಹಿಡಿದ. ಜುಮುಕಿ ಕೊಡಲಿಲ್ಲವೆಂದು ಹೆಂಡತಿಯ ಕಿವಿ ಹರಿದ. ಕೊಟ್ಟಿದ್ದರೆ ಹೋಗುತ್ತಿತ್ತಲ್ಲ ಎಂದು ಆಗಲೂ ಗುರವ್ವ ಬೈದದ್ದು ಸೊಸೆಯನ್ನೇ. ಆದರೆ ಕೇಂದ್ರದವರು ಅವನನ್ನು ಎಳೆದೊಯ್ಯಲು ಬಂದ ದಿನ, ಅವನು ಓಡಿಹೋಗದಂತೆ ಹಿತ್ತಲ ಕದಕ್ಕೆ ಹೊರಗಿನಿಂದ ಚಿಲಕ ಹಾಕಿದವಳು ಗುರವ್ವನೇ.

ಡಾಕ್ಟರು ಬಂದರು. “ಈಗ ಆರಾಮ ಅದಾನ್ರಿ. ಕರಕೊಂಡ ಹೋಗ್ರಿ.”

“ಇನ್ನೊಂದಿಷ್ಟ ದಿನ ಇರ್ಲಿ ಬಿಡ್ರಿ,” ಅಂದಳು ಗುರವ್ವ.

“ಆರಾಮಾದವನ್ನ ಒತ್ತಾಯದಿಂದ ಎಷ್ಟ ದಿನ ಇಟ್ಕೋಳೂದ್ರಿ, ಅವ್ವಾರ?”

“ನಿಮ್ಮ ಕಾಲ ಬೀಳ್ತೇನ್ರಿ. ನಮ್ಮನಿಯಾಗ ಅವ್ನಿಗೆ ಜಾಗಾ ಇಲ್ರಿ.”

ಮಾತು ಬಾಯಿಂದ ಹೊರಬಿದ್ದ ಮೇಲೆ, ಮಗ ಎದುರಿಗೇ ಇದ್ದಾನೆಂಬುದು ಅವಳಿಗೆ ಅರಿವಾಯಿತು. ಶ್ರೀಶೈಲ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಅವತ್ತ ಕದಾ ಹಾಕಿದಾಕಿ ನೀನ ಅಂತ ನನಗ ಗೊತ್ತಿತ್ತು,” ಅಂದ. “ಆದ್ರೂ ದಿನಾ ನಿನ್ನ ಹಾದೀನ ನೋಡಿದೆ.”

ಚೀಲ ಎತ್ತಿಕೊಂಡು ಒಳಗೆ ಹೋದ. ಡಾಕ್ಟರು ಏನೋ ಹೇಳುತ್ತಲೇ ಇದ್ದರು. ಗುರವ್ವನಿಗೆ ಒಂದೂ ಕೇಳಿಸಲಿಲ್ಲ.

ಒಬ್ಬಳೇ ಗೇಟು ದಾಟಿ ಬಂದ ಅತ್ತೆಯನ್ನು ಕಂಡು ವಿದ್ಯಾವತಿ ಎದ್ದು ನಿಂತಳು.

“ಏನಂದ್ರರಿ?”

“ಇನ್ನೂ ಆರಾಮಾಗಿಲ್ಲಂತ. ಡಾಕ್ಟರ ಬ್ಯಾಡಂದ್ರು.”

ಸೊಸೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಬಸ್ಸಿನ ಹಾದಿ ಹಿಡಿದಳು.

ಸಿಂದಗಿ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಊರು ದಾಟುವ ಮೊದಲೇ ವಿದ್ಯಾವತಿಗೆ ನಿದ್ದೆ ಹತ್ತಿತು. ತಲೆ ವಾಲಿ ಗುರವ್ವನ ಹೆಗಲಿಗೆ ಬಂತು. ಎಷ್ಟೋ ವರ್ಷಗಳಿಂದ ನಿದ್ದೆಯನ್ನೇ ಕಾಣದವಳಂತೆ ಬಾಯಿ ತೆರೆದು ಮಲಗಿದ್ದಳು. ದೇವರ ಹಿಪ್ಪರಗಿ ಬರುವಷ್ಟರಲ್ಲಿ ಗುರವ್ವನ ತೋಳು ಜೋಮು ಹಿಡಿಯಿತು. ಅವಳು ಅಲುಗಲಿಲ್ಲ. ಇನ್ನೊಂದು ಕೈಯಿಂದ ಸೆರಗೆತ್ತಿ, ಕಿಟಕಿಯಿಂದ ಸೊಸೆಯ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡ ಹಿಡಿದಳು.