ಹಲಗೆಯ ಮೇಲೆ ಹೆಸರು

ಪಿನ್ನು ಚುಚ್ಚುತ್ತಿದೆ, ಎಡಭುಜದ ಹತ್ತಿರ, ಸೆರಗಿನ ಮಡಿಕೆಯೊಳಗೆ ಬಾಯಿ ಬಿಟ್ಟುಕೊಂಡಿರಬೇಕು ಹಾಳಾದ್ದು, ಈಗ ಸರಿಮಾಡಿಕೊಳ್ಳುವ ಹಾಗೂ ಇಲ್ಲ, ಸನಮಡಿ ಊರಿನ ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಾರೆ, ಅವರ ಹಿಂದೆ ಕುರ್ಚಿಯಲ್ಲಿ ಹೆಡ್‌ಮಾಸ್ತರರು ಅಣ್ಣಾರಾಯರು — ಚುಚ್ಚಲಿ ಬಿಡು, ಇದಿಲ್ಲದಿದ್ದರೆ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದರಲ್ಲಿ ಬರೆಯಬೇಕಿತ್ತು. ಯಾವ ಪುಣ್ಯಾತ್ಮ ಕಂಡುಹಿಡಿದನೋ, ಸಮುದ್ರದಾಚೆಯವನಂತೆ, ಅಲ್ಲಿಯ ಹೆಂಗಸರು ಸೀರೆಯನ್ನೇ ಉಡುವುದಿಲ್ಲವಂತೆ, ಮತ್ತೆ ಅವನಿಗೇಕೆ ಬೇಕಾಯಿತು ಈ ಉಸಾಬರಿ, ನಮಗಾಗಿಯೇ ಮಾಡಿಟ್ಟ ಹಾಗಿದೆ, ನೋಡು, ಇವರ ಬಳೆಗಳಲ್ಲೂ ಒಂದೊಂದು ತೂಗುತ್ತಿದೆ, ಮುಳ್ಳು ತೆಗೆಯಲಿಕ್ಕೂ ಅದೇ, ಮಾನ ಮುಚ್ಚಲಿಕ್ಕೂ ಅದೇ. ನನ್ನದನ್ನು ಮನೆಯವರು ಜತ್ತದ ಸಂತೆಯಿಂದ ತಂದರು, ನೌಕರಿಗೆ ಹೊಂಟಾಕಿ, ಸೆರಗ ಜಾರಬಾರ್ದು ನೋಡು, ಅಂತ ನಗುತ್ತ ಕೊಟ್ಟರು. ಸ್ಟೋವು ತಂದಾಗಲೂ ಹೀಗೇ ನಕ್ಕಿದ್ದರು, ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಕೈಮುಗಿದು, ಮಾರುದೂರ ನಿಂತರು, ಯವ್ವಾ ಬುಸ್ ಅಂತೈತಲ್ಲ, ಇದು ಒಲಿಯೋ ಹಾವೋ — ಈಗ ಅದರ ಹತ್ತಿರ ನನ್ನನ್ನೇ ಬಿಡುವುದಿಲ್ಲ, ಚಹಾ ನಾನ ಮಾಡ್ತೀನಿ, ನೀ ಸಾಲಿಗೆ ಹೋಗು.

ಸಾಲಿಗೆ ಹೋಗು, ಆಹಾ, ಎಂಥ ಮಾತು, ಬೆಳಿಗ್ಗೆಯಿಂದ ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡಿದ್ದೇನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಆದರೆ ಮದುವೆಯಾದ ಮೇಲೆ ಓದಿದ್ದೆಲ್ಲ ಅಂಗಡಿಯ ಪೊಟ್ಟಣದ ಕಾಗದ, ಅರ್ಧ ಮರಾಠಿ, ಅರ್ಧ ಕನ್ನಡ, ಬೆಲ್ಲ ಅಂಟಿದ ಕಡೆ ಅಕ್ಷರ ಕಾಣದು, ಕಥೆ ಹರಿದಲ್ಲಿಗೆ ನಿಲ್ಲುತ್ತಿತ್ತು, ಮುಂದಿನದನ್ನು ರೊಟ್ಟಿ ಬಡಿಯುತ್ತ ನಾನೇ ಕಟ್ಟುತ್ತಿದ್ದೆ, ಬೇಡವಾದವರನ್ನು ಸಾಯಿಸುತ್ತಿದ್ದೆ, ರೊಟ್ಟಿ ಸೀಯುತ್ತಿತ್ತು. ಹೆಂಗಸರಿಗೆ ಓದು ಕಲಿಸುವ ಈ ನೌಕರಿ ಕೇಳಲು ಹೋಗಿ, ಜತ್ತದ ಕಚೇರಿಯಲ್ಲಿ ಸಾಹೇಬರು ಯಜಮಾನರ ಹೆಸರೇನ್ರಿ ಅಂದಾಗ ನೆಲ ನೋಡುತ್ತ ನಿಂತೆ, ಗಂಡನ ಹೆಸರು ಬಾಯಲ್ಲಿ ತರುವುದುಂಟೇ, ಸಾಹೇಬರು ನಕ್ಕು ಪೆನ್ನು ನನ್ನ ಕಡೆ ಸರಿಸಿದರು — ಮಲಕಾಜಪ್ಪ, ಬರೆದೇಬಿಟ್ಟೆ, ನಾಲಗೆ ಅನ್ನಲಾರದ್ದನ್ನು ಕೈ ಅಂದಿತು, ಬರೆಯುವುದನ್ನು ಕಂಡುಹಿಡಿದದ್ದು ಹೆಂಗಸೇ ಇರಬೇಕು. ಇಂಥ ನೌಕರಿ ಮೊದಲ ದಿನವೇ ಹೋದರೆ? ಬಾಗಿಲಲ್ಲೇ ಮಾಸ್ತರರು ಹೇಳಿದರಲ್ಲ, ಹಿಂದಿನ ಅಕ್ಕೋರು ವರ್ಷಗಟ್ಟಲೆ ಕಲಿಸಿ ಬದಲಿ ಆಗಿ ಬ್ಯಾರೆ ಊರಿಗೆ ಹೋದ್ರು, ಈ ಹೆಣ್ಮಕ್ಕಳಿಗೆ ಏನೂ ಬರೂದಿಲ್ಲ ಅಂತ ಮ್ಯಾಲಿನವರಿಗೆ ಅನಿಸೈತಿ, ಇವತ್ತ ಒಬ್ಬಾಕಿನರ ಓದಿ ತೋರಿಸಿದ್ರ ಈ ಹೆಣ್ಮಕ್ಕಳ ವರ್ಗ ಉಳೀತೈತಿ, ಇಲ್ಲಂದ್ರ ವರ್ಗಾನೂ ಬಂದ್, ನಿಮ್ಮ ನೌಕರೀನೂ ಬಂದ್.

ಅದಕ್ಕೇ ಸುಲಭದ್ದನ್ನು ಬರೆದಿದ್ದೇನೆ, ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು, ಎಲ್ಲರ ಮನೆಯಲ್ಲೂ ಇರುವ ಪ್ರಾಣಿ — ಶಿದ್ರಾಯ ಕುರಿ ತಂದ — ಹಲಗೆಯ ಮೇಲೆ ದುಂಡಗೆ, ಬೆರಳಿಗೆಲ್ಲ ಸೀಮೆಸುಣ್ಣ. ಯಾರು ಓದುತ್ತೀರಿ ಅಂದದ್ದೇ ತಡ, ಏಳ ಯಲ್ಲವ್ವ, ನೀನ ಶಾಣ್ಯಾಕಿ, ಅಂತ ಎಲ್ಲರೂ ಕುರುಬರ ಯಲ್ಲವ್ವನನ್ನು ಎಬ್ಬಿಸಿದರು. ಎದ್ದಳು, ಹಲಗೆ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಓದು ಯಲ್ಲವ್ವ. ಸೆರಗನ್ನು ಇನ್ನೂ ಮೇಲಕ್ಕೆಳೆದಳು. ಓದವ್ವ, ಹೆದರಬ್ಯಾಡ. ಹಿಂದೆ ಮಾಸ್ತರರ ಕುರ್ಚಿ ಕಿರ್ ಅಂದಿತು, ಕೆಮ್ಮಿದರು, ಮುಗಿಯಿತು, ನಾಳೆಯಿಂದ ಮತ್ತೆ ಪೊಟ್ಟಣದ ಕಾಗದ. ಶಿ ಅನ್ನು ಯವ್ವಾ, ಶಿ ಅನ್ನು, ಪಿಸುಗುಟ್ಟಿ ನಾನೇ ಹೇಳಿಕೊಟ್ಟೆ, ಅವಳು ಕಣ್ಣರಳಿಸಿ, ಅಯ್ಯ ಶಿವನ, ನಾ ಒಲ್ಲೆರಿ ಅಕ್ಕೋರ, ಅಂದಳು, ಚಾಪೆಯ ತುಂಬ ಕಿಸಿಕಿಸಿ ನಗು, ಇವರೇಕೆ ನಗುತ್ತಾರೆ, ನನ್ನ ಪ್ರಾಣ ಹೋಗುತ್ತಿದೆ. ಆಗ ಯಲ್ಲವ್ವ ನಡೆದು ಬಂದಳು, ಹಲಗೆಯ ಹತ್ತಿರ, ಮೊದಲ ಮಾತಿನ ಕೆಳಗೆ ಬೆರಳಿಟ್ಟಳು, ಬಳೆಯ ಪಿನ್ನು ತೂಗಿತು, ಓದಿದಳು — ನಮ್ಮನಿಯವ್ರು, ಕುರಿ, ತಂದ್ರು.

ನಮ್ಮನಿಯವ್ರು. ಅಯ್ಯೋ ಶಿವಲಿಂಗವ್ವಾ, ಎಂಥ ದಡ್ಡಿಯೇ ನೀನು, ಕಚೇರಿಯಲ್ಲಿ ನೆಲ ನೋಡುತ್ತ ನಿಂತವಳು ನೀನೇ ಅಲ್ಲವೇ, ಇಲ್ಲಿ ಬಂದು ಊರ ಮುಂದೆ ಗಂಡನ ಹೆಸರು ಕೂಗು ಅಂತ ಅವಳ ಬೆನ್ನು ಹತ್ತಿದೆಯಲ್ಲ. ಹಲಗಿ ಮ್ಯಾಲ ಏನರ ಇರ್ಲಿರಿ ಅಕ್ಕೋರ, ಅವ್ರಿಗೆ ತಂದ ಅಂತ ಹ್ಯಾಂಗ ಅನ್ಲಿರಿ, ಅನ್ನುತ್ತಿದ್ದಾಳೆ, ಮಾಸ್ತರರು ತೊಡೆ ತಟ್ಟಿ ನಗುತ್ತಿದ್ದಾರೆ, ಓದಿದಳಲ್ರಿ, ಭಾಳ ಚಲೋ ಓದಿದಳು, ನಡೀಲಿ ನಿಮ್ಮ ವರ್ಗ, ನನ್ನ ಕಣ್ಣಲ್ಲಿ ನೀರು, ನಗುವೂ ಬರುತ್ತಿದೆ, ಭುಜದಲ್ಲಿ ಪಿನ್ನು ಚುಚ್ಚುತ್ತಲೇ ಇದೆ, ಇನ್ನೊಂದು ಹೆಸರು ಬರೆಯಬೇಕು, ಇದನ್ನು ಒರೆಸಬೇಕು, ಒರೆಸಲು ಕೈ ಏಳುತ್ತಿಲ್ಲ — ಅವಳ ಬೆರಳು ಇನ್ನೂ ಅಲ್ಲೇ ಇದೆ, ಹೆಸರಿನ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ, ಬಳೆಯ ಪಿನ್ನು ತೂಗುತ್ತಿದೆ, ಬೆರಳು ಅಲ್ಲೇ ಇದೆ.