ಖಾಲಿ ಕೊಡಬಾರದ ಜರಡಿ

ಸಂಕ್ರಾಂತಿ ಕಳೆದು ತಗಡೂರಿನ ಕಣಗಳಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಮುದ್ದಮ್ಮನ ಒಕ್ಕಣೆ ಮುಗಿದಿತ್ತು. ಬೀದಿಯ ಕೊನೆಯ ಮನೆಯ ನಾಗರತ್ನ ಮಾರನೆಯ ದಿನ ಮೆದೆ ಕೆಡವುವವಳಿದ್ದಳು. ಅಷ್ಟರೊಳಗೆ ಮುದ್ದಮ್ಮ ಇಸಕೊಂಡಿದ್ದ ಅವಳ ಜರಡಿ ವಾಪಸು ಹೋಗಬೇಕಿತ್ತು. ಅದೇನು ಅಂಥಿಂಥ ಜರಡಿಯಲ್ಲ, ಟಿ. ನರಸೀಪುರದ ತವರಿಂದ ಅವಳ ಅವ್ವ ಕೊಟ್ಟು ಕಳಿಸಿದ್ದು. ಮುದ್ದಮ್ಮನ ಗಂಡ ನಿಂಗರಾಜು ಕೊಟ್ಟಿಗೆಯ ಗಾರೆಗೆಂದು ಅದರಲ್ಲಿ ಮರಳು ಜರಡಿ ಹಿಡಿದು, ಬಲೆ ಹರಿದಿಟ್ಟಿದ್ದ.

ಬೆಳಿಗ್ಗೆಯೇ ಮುದ್ದಮ್ಮ ಅವನನ್ನು ಹೊಸ ಬಲೆಗೆಂದು ನಂಜನಗೂಡಿಗೆ ಅಟ್ಟಿದಳು. ಅಂಗಡಿಯಿಂದ ಫೋನು ಬಂತು.

"ಎಷ್ಟು ನಂಬರ್ ಮೆಶ್ಶು ಅಂತಾವ್ರೆ ಕಣಮ್ಮಿ. ಹಳೇದು ಎಂಟಂತೆ."

ಬಳೆಯಾಗಲಿ ಚಪ್ಪಲಿಯಾಗಲಿ, ನಂಬರು ಏರಿದಂತೆ ದೊಡ್ಡದಾಗುವುದು ಮುದ್ದಮ್ಮನಿಗೆ ಗೊತ್ತು. "ಹದಿನಾಲ್ಕು ತಕ್ಕಬನ್ನಿ. ರಾಗಿ ಸುಯ್ಯಂತ ಇಳೀಲಿ."

ನಿಂಗರಾಜು ತಂದು ಮೊಳೆ ಹೊಡೆದು ಕೂರಿಸಿದ. ಇಸಕೊಂಡದ್ದನ್ನು ಖಾಲಿ ಕೊಡುವ ರೂಢಿ ಊರಲ್ಲಿಲ್ಲ. ಮುದ್ದಮ್ಮ ಕೈಯ ಅಭ್ಯಾಸದಂತೆ ಎರಡು ಬೊಗಸೆ ಹೊಸ ರಾಗಿ ಸುರಿದುಕೊಂಡು ಹೊರಟಳು. ಅರ್ಧ ಬೀದಿ ದಾಟಿದ ಮೇಲೆ, ಜರಡಿಯಲ್ಲಿ ರಾಗಿ ನಿಂತದ್ದು ಹೇಗೆ ಎಂಬ ಅನುಮಾನ ಬಂತು. ಅಲ್ಲಾಡಿಸಿದಳು. ಒಂದು ಕಾಳೂ ಬೀಳಲಿಲ್ಲ. ಅಲ್ಲಿಂದಲೇ ತಿರುಗಿದಳು.

ಮಧ್ಯಾಹ್ನದ ಬಸ್ಸಿಗೆ ತಾನೇ ಹೋದಳು. ಅಂಗಡಿಯ ಗುರುಮಲ್ಲಪ್ಪ ಕೇಳಿದ: "ಮೂರು ಜನದ ಸೀಟಲ್ಲಿ ಐದು ಜನ ಕೂತ್ರೆ ಸಂದಿ ಅಗಲ ಆಯ್ತದಾ?"

"ಈಗ ಅಂಗೇ ಕೂತ್ಕಂಡು ಬಂದೆ. ಉಸಿರಾಡಕ್ಕೂ ಜಾಗ ಇಲ್ಲ."

"ಇದೂ ಅಷ್ಟೇ ಕಣಕ್ಕ. ಒಂದಿಂಚಿಗೆ ಎಷ್ಟು ಕಣ್ಣೋ ಅದೇ ನಂಬರು. ಎಂಟಾದ್ರೆ ಅಗಲ, ಹದಿನಾಲ್ಕಾದ್ರೆ ಇಕ್ಕಟ್ಟು." ಉದ್ದದ ಹಾಸು ತಂತಿ ಯಾವುದು, ಅಡ್ಡದ ಹೊಕ್ಕು ತಂತಿ ಯಾವುದು ಎಂದು ಬೆರಳಿಟ್ಟು ತೋರಿಸಿದ. "ತಂತಿ ದಪ್ಪಕ್ಕೆ ಗೇಜು ಅಂತ ಬೇರೆ ನಂಬರು. ಅದೂ ಏರಿದಷ್ಟೂ ತಂತಿ ಸಣ್ಣ."

"ನಮ್ಮನೆಯವರಂಗೆ ಅನ್ನಿ. ಮಾತು ಏರಿದಷ್ಟೂ ಕೆಲಸ ಸಣ್ಣ."

ಸಂಜೆ ಎಂಟು ನಂಬರಿನ ಬಲೆ ಕೂತಿತು. ಇಳಿಯುತ್ತದೋ ನೋಡೋಣವೆಂದು ಈ ಸಲ ಬೇಕೆಂದೇ ರಾಗಿ ಸುರಿದುಕೊಂಡು ಹೊರಟಳು. ಹೆಜ್ಜೆಗೊಂದು ಎಳೆ ರಾಗಿ ಬೀದಿಗೆ ಇಳಿಯಿತು. ಹಿಂದೆ ಕೋಳಿಗಳ ದಿಬ್ಬಣವೇ ಹೊರಟಿತು. ನಾಗರತ್ನಳ ಬಾಗಿಲು ಮುಟ್ಟುವಷ್ಟರಲ್ಲಿ ಜರಡಿ ಬರಿದು.

"ಏನಕ್ಕ, ಖಾಲಿ ತಂದಿದ್ದೀಯ?" ಎಂದಳು ನಾಗರತ್ನ. ಜರಡಿಯನ್ನು ಬೆಳಕಿಗೆ ಹಿಡಿದಳು. "ಬಲೇನೂ ಹೊಸದು."

ಮುದ್ದಮ್ಮ ಒಪ್ಪಿಕೊಂಡಳು: "ಅವ್ವ ಕೊಟ್ಟ ಬಲೆ ನಮ್ಮನೆಯವರ ಮರಳಿಗೆ ಓಯ್ತು ಕಣವ್ವ. ರಾಗಿ ಮಾತ್ರ ತುಂಬ್ಕಂಡೇ ಬಂದೆ. ನಿನ್ ಕೋಳಿಗಳ್ನೇ ಕೇಳು."

ನಾಗರತ್ನ ಬೀದಿಯುದ್ದಕ್ಕೂ ನೋಡಿದಳು. ಕೋಳಿಗಳು ಕೊಕ್ಕು ಎತ್ತದೆ ಮೇಯುತ್ತ ಬರುತ್ತಿದ್ದವು.

"ಕೋಳಿ ತಿಂದದ್ದು ನಂಗೆ ಸಂದಂಗಾ?"

"ನಾಳೆ ಮೊಟ್ಟೆ ಇಕ್ಕುದ್ರೆ ಸಂದಂಗೆ."

ನಾಗರತ್ನ ನಗು ತಡೆಯಲಾರದೆ ಜರಡಿಯನ್ನು ಗೂಟಕ್ಕೆ ತಗುಲಿಹಾಕಿದಳು. "ಇಕ್ಕದಿದ್ರೆ ಬಾಕಿ ಕಣಕ್ಕ," ಎಂದಳು.