ಹಿಂದಿನ ಚಕ್ರ

ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸುವಾಗ ಚನ್ನವೀರಪ್ಪನ ಶವದ ತಲೆ ಎಡಕ್ಕೆ ವಾಲಿತು. ಜಂಗಮರು ಗಲ್ಲಕ್ಕೆ ಬಿಳಿ ಬಟ್ಟೆ ಕೊಟ್ಟು ಹಿಂದಿನ ಮೊಳೆಗೆ ಬಿಗಿದರು. ಹೆಂಡತಿ ಕಮಲಾಕ್ಷಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸ್ಕೂಟರನ್ನ ಮೆಕ್ಯಾನಿಕ್ ಹತ್ರ ಬಿಡೋ ಅಂತ ಎಷ್ಟು ಬಡ್ಕೊಂಡೆ," ಎಂದ ಚನ್ನವೀರಪ್ಪನ ಅಣ್ಣ ಶಂಭುಲಿಂಗಪ್ಪ. "ಎಲ್ಲಾ ನಾನೇ ಮಾಡ್ಬೇಕು ಅಂತಿದ್ದ. ತಾನು ಕಟ್ಟಿದ ಬ್ರೇಕೇ ಹಿಡೀಲಿಲ್ಲ ನೋಡಿ."

"ಸುಮ್ನಿರಿ ಸಾರ್," ಎಂದ ಕಾರ್ಖಾನೆಯ ಗೆಳೆಯ ಏಕಾಂತಯ್ಯ. "ನಿಮ್ಮ ಸೈಕಲ್ಲಿಗೆ ಪಂಕ್ಚರ್ ಹಾಕ್ತಿದ್ದೋನೂ ಅವನೇ ಅಲ್ವಾ?"

ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಹೊರಟ ಚನ್ನವೀರಪ್ಪನ ಸ್ಕೂಟರ್ ಮಾರೇನಹಳ್ಳಿಯ ಇಳಿಜಾರಿನಲ್ಲಿ ನಿಲ್ಲದೆ ಮೋರಿಕಟ್ಟೆಗೆ ಬಡಿದಿತ್ತು. ಎದುರಿಗೆ ಬೇರೆ ವಾಹನವಿರಲಿಲ್ಲ. ಪೊಲೀಸರ ಮಹಜರು ಮುಗಿದ ಮೇಲೆ ಏಕಾಂತಯ್ಯ ಸ್ಕೂಟರನ್ನು ಟೆಂಪೋದಲ್ಲಿ ತಂದು ರಾಜಾಜಿನಗರದ ಈ ಮನೆಯ ಹಿತ್ತಲಲ್ಲಿ ಇಳಿಸಿದ್ದ.

*

1976ರ ಫೆಬ್ರವರಿಯ ಎರಡನೇ ಭಾನುವಾರ, ಅಪಘಾತದ ಹಿಂದಿನ ದಿನ. ಹಿತ್ತಲಲ್ಲಿ ಗೋಣಿಚೀಲ ಹಾಸಿ ಚನ್ನವೀರಪ್ಪ ಹಿಂದಿನ ಚಕ್ರ ಬಿಚ್ಚಿದ್ದ. ಬ್ರೇಕಿನ ಸವೆದ ಲೈನಿಂಗ್ ಪಟ್ಟಿ ಕಿತ್ತು, ಹೊಸದಕ್ಕೆ ತಾಮ್ರದ ರಿವೆಟ್ ಹೊಡೆದು, ಅಂಚನ್ನು ಅರದಿಂದ ಉಜ್ಜಿದ. ಅರ್ಧಚಂದ್ರದಂತಹ ಎರಡು ಬ್ರೇಕ್ ಶೂಗಳನ್ನು ಸ್ಪ್ರಿಂಗ್ ಸಮೇತ ಕೂರಿಸಲು ಮಾತ್ರ ಅವನ ಎರಡು ಕೈ ಸಾಲುತ್ತಿರಲಿಲ್ಲ.

"ಕಮಲಾ, ಬಾರೇ, ಒಂದ್ನಿಮಿಷ ಹಿಡ್ಕೋ."

ಅವಳು ಒಳಗೆ ಅತ್ತೆಯ ಮೊಣಕಾಲಿಗೆ ಬೆಚ್ಚಗಿನ ಹರಳೆಣ್ಣೆ ತಿಕ್ಕುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಎಲ್ಲಿ ಹಿಡೀಲಿ?"

"ಮೇಲೇನೇ ಒತ್ತಿ ಹಿಡಿ. ಬಿಟ್ರೆ ಸ್ಪ್ರಿಂಗು ನನ್ನ ಮೂಗಿಗೇ ಬರುತ್ತೆ."

"ಬರ್ಲಿ ಬಿಡಿ, ಇರೋದೇ ಅಷ್ಟುದ್ದ."

ಅವನು ನಗುತ್ತಲೇ ಶೂಗಳನ್ನು ತಟ್ಟಿ ಕೂರಿಸಿದ. ಅವಳ ಕೈ ನೋಡಲಿಲ್ಲ. ಲೈನಿಂಗಿಗೆ ಎಣ್ಣೆ ಸೋಕಿದರೆ ಬ್ರೇಕ್ ಜಾರುತ್ತದೆಂದು ಹಿಂದೊಮ್ಮೆ ಹೇಳಿದವನು ಅವನೇ. ಅವಳಿಗೆ ಅದು ನೆನಪಾದದ್ದು ಮರುದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ.

*

ಭಜನೆ ಶುರುವಾದಾಗ ಕಮಲಾಕ್ಷಮ್ಮ ಏಕಾಂತಯ್ಯನನ್ನು ಹಿತ್ತಲಿಗೆ ಕರೆದಳು.

"ಹಿಂದಿನ ಚಕ್ರ ಬಿಚ್ಚಿ ನೋಡ್ತೀರಾ?"

"ಈಗ್ಯಾಕೆ ಅತ್ತಿಗೆ?"

"ನನ್ನ ಕೈಯಲ್ಲಿ ಹರಳೆಣ್ಣೆ ಇತ್ತು. ಅದೇ ಕೈಲಿ ಹಿಡ್ಕೊಂಡಿದ್ದೆ." ಅವಳ ದನಿ ಕುಗ್ಗಿತು. "ಭಾವನೋರು ಇವರನ್ನ ಬೈತಿದಾರೆ. ತಪ್ಪು ನಂದಾದ್ರೆ ಮಣ್ಣಿಗೆ ಮುಂಚೆ ಎಲ್ಲರೆದುರು ಹೇಳ್ಬಿಡ್ತೀನಿ."

ಅವನು ಸ್ಕೂಟರಿನ ಕಡೆ ತಿರುಗಿದ. ಆಮೇಲೆ ಅಂಗಿಯ ತೋಳು ಮಡಚಿದ. "ನೀವು ಒಳಗೆ ನಡೀರಿ."

ಅರ್ಧ ಗಂಟೆಯ ಮೇಲೆ, ಶವವನ್ನು ಹೂ ಕಟ್ಟಿದ ವಿಮಾನದ ಚಟ್ಟದಲ್ಲಿ ಕೂರಿಸುತ್ತಿದ್ದಾಗ ಏಕಾಂತಯ್ಯ ಅವಳ ಪಕ್ಕಕ್ಕೆ ಬಂದ. ಅವನ ಕೈ ಸೋಪಿನ ವಾಸನೆ ಹೊಡೆಯುತ್ತಿತ್ತು.

"ಒಣಗಿತ್ತು ಅತ್ತಿಗೆ. ಒಂದು ತೊಟ್ಟೂ ಇರ್ಲಿಲ್ಲ. ನಾಯಿ ಗೀಯಿ ಅಡ್ಡ ಬಂದಿರ್ಬೇಕು. ನಿಮ್ಮ ಭಾವನೋರಿಗೂ ಅದನ್ನೇ ಹೇಳಿದೀನಿ."

"ಲಿಂಗ ಮುಟ್ಟಿ ಹೇಳಿ."

"ಹೊರಟ್ರು ನೋಡಿ, ನಡೀರಿ," ಎಂದು ಅವನು ವಿಮಾನಕ್ಕೆ ಹೆಗಲು ಕೊಡಲು ಹೋದ.

ರುದ್ರಭೂಮಿಯ ಗುಂಡಿಯಲ್ಲಿ ಚನ್ನವೀರಪ್ಪನನ್ನು ಕೂರಿಸಿ ಎಡಗೈಯಲ್ಲಿ ಇಷ್ಟಲಿಂಗವಿಟ್ಟರು. ಒಬ್ಬೊಬ್ಬರೇ ಬಿಲ್ವಪತ್ರೆ, ವಿಭೂತಿ ಹಾಕಿದರು. ಏಕಾಂತಯ್ಯನ ಸರದಿ ಬಂತು. ಅವನು ಮಂಡಿಯೂರಿ ಬಗ್ಗಿದಾಗ ಪತ್ರೆಯ ಜೊತೆಗೆ ಹಳೆಯ ಪೇಪರಿನ ಪೊಟ್ಟಣವೊಂದು ಕೈಯಿಂದ ಜಾರಿ ಗುಂಡಿಯ ಮೂಲೆಗೆ ಬಿತ್ತು. ಅದರೊಳಗೆ ಲೋಹಕ್ಕೆ ಲೋಹ ತಾಕಿದ ಸದ್ದಾಯಿತು. ಹರಿದ ಕಾಗದದಿಂದ ಅರ್ಧಚಂದ್ರದಂತೆ ಬಾಗಿದ ತುದಿಯೊಂದು ಇಣುಕುತ್ತಿತ್ತು. ಅದರ ಸುತ್ತ, ಅಚ್ಚಿನ ಸಾಲುಗಳ ಮೇಲೆ ಎಣ್ಣೆ ಹರಡಿತ್ತು.

ಏಕಾಂತಯ್ಯ ತಲೆ ಎತ್ತಲಿಲ್ಲ.

"ಏನ್ರೀ ಅದು ಬಿದ್ದಿದ್ದು?" ಎಂದು ಶಂಭುಲಿಂಗಪ್ಪ ಕತ್ತು ಚಾಚಿದ.

ಕಮಲಾಕ್ಷಮ್ಮ ಮುಂದೆ ಬಂದಳು. ಜಂಗಮರು ಹೇಳುವ ಮೊದಲೇ ಬೊಗಸೆ ತುಂಬ ಮಣ್ಣು ತೆಗೆದು, ಗಂಡನ ಮೈಗೆ ಸಿಡಿಯದಂತೆ, ಆ ಮೂಲೆಗೆ ಸುರಿದಳು. ಮತ್ತೊಂದು ಬೊಗಸೆಗೆ ಬಗ್ಗಿದಳು.